ಕಳುವಾದ ಗಾಡಿಗೆ ಅಬ್ಬಾ ಕಟ್ಟಿದ ಬೆಲೆ

ನಮ್ಮ ಅಬ್ಬಾ ಗಾಡಿ ರಿಪೇರಿಯ ಮಿಸ್ತ್ರಿ. ಗೋಪನಕೊಪ್ಪದಲ್ಲಿ ಅವರದೊಂದು ತಗಡಿನ ಅಂಗಡಿ. ನಲವತ್ತು ವರ್ಷಗಳಲ್ಲಿ ತಮ್ಮ ಕೈ ಹಾಯ್ದು ಹೋದ ಯಾವ ಗಾಡಿಯನ್ನೂ ಅವರು ಬಾಯಿಬಿಟ್ಟು ಕೆಟ್ಟದ್ದು ಎಂದವರಲ್ಲ. ಅಂಥವರ ಬಾಯಿಂದ ಆ ಮಾತು ಬರುತ್ತದೋ ಇಲ್ಲವೋ ಎಂದು ಹುಬ್ಬಳ್ಳಿಯ ಕೋರ್ಟಿನ ಒಂದು ಖೋಲಿ ಪೂರ್ತಿ ಉಸಿರು ಹಿಡಿದು ಕೂತಿತ್ತು. ಬಂದರೆ ಆರೋಪಿಯ ಜಾಗದಲ್ಲಿ ನಿಂತವನು ಮನೆಗೆ ಹೋಗುತ್ತಿದ್ದ. ಬರದಿದ್ದರೆ ಜೈಲಿಗೆ. ಅವನು ಕದ್ದದ್ದು ನನ್ನ ಸ್ಕೂಟರು. ಈಗ ನೆನೆಸಿಕೊಂಡರೂ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅದಕ್ಕೇ ತಡಮಾಡದೆ ಮೊದಲಿನಿಂದ ಹೇಳಿಬಿಡುತ್ತೇನೆ.

ಅದು ಹೆಸರಿಗೆ ಅಬ್ಬಾನ ಗಾಡಿ, ಕಾಗದಪತ್ರವೆಲ್ಲ ಅವರ ಹೆಸರಿನಲ್ಲಿ. ಹನ್ನೆರಡು ವರ್ಷ ಓಡಿಸಿದವಳು ಮಾತ್ರ ನಾನು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಕೆಲಸ ನನಗೆ ಸಿಕ್ಕ ವರ್ಷ, ಯಾವನೋ ಗಿರಾಕಿ ಬೇಡವೆಂದು ಬಿಟ್ಟುಹೋದ ಸ್ಕೂಟರನ್ನು ಅಬ್ಬಾ ಕೊಂಡು ನನ್ನ ಕೈಗೆ ಕೊಟ್ಟರು. ಆಗಲೇ ಅದಕ್ಕೆ ವಯಸ್ಸಾಗಿತ್ತು. ಬರಬರುತ್ತ ಎಡಗಡೆಯ ಕನ್ನಡಿ ಹೋಯಿತು. ಸೀಟು ಹರಿದು ಅಮ್ಮಿ ಅದಕ್ಕೆ ಹಳೆಯ ಪರದೆಯ ಬಟ್ಟೆ ಹೊಲಿದಳು. ಚಾವಿ ಒಳಗೇ ಸಿಕ್ಕಿಬಿದ್ದು ಹೊರಗೆ ಬರುವುದನ್ನೇ ಬಿಟ್ಟಿತು. ಇನ್ನು ಬ್ರೇಕು! ಹಿಡಿದರೆ ಗಾಡಿ ನಿಲ್ಲುತ್ತಿರಲಿಲ್ಲ, ನಿಲ್ಲುವ ವಿಚಾರ ಮಾಡುತ್ತಿತ್ತು. ನಾನು ವಾರಕ್ಕೊಮ್ಮೆಯಾದರೂ ಅಂಗಡಿಯ ಮುಂದೆ ನಿಂತು ಕೂಗಾಡುತ್ತಿದ್ದೆ.

"ಅಬ್ಬಾ, ಬ್ರೇಕ್ ಹಿಡಿಯವಲ್ದು ರೀ!"

"ನಾಳೆ ಮಾಡ್ತೇನಿ ತಗೋ ಬೇಟಾ. ಗಿರಾಕಿ ನಿಂತಾನ ನೋಡು."

ಗಿರಾಕಿ ಯಾವಾಗಲೂ ನಿಂತೇ ಇರುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಊರಿನ ಗಾಡಿಗಳೆಲ್ಲ ಅಬ್ಬಾನ ಕೈಯಲ್ಲಿ ಗುಣವಾಗಿ ಹೋಗುತ್ತಿದ್ದವು, ನನ್ನದು ಕೆಮ್ಮುತ್ತ ಹೊರಗೆ ನಿಂತಿರುತ್ತಿತ್ತು. ಅದನ್ನು ನೋಡಿ ಯಾರಾದರೂ ನಕ್ಕರೆ ಅಬ್ಬಾನಿಗೆ ಎಲ್ಲಿಲ್ಲದ ಸಿಟ್ಟು. ಅವರು ಹಳ್ಳಿಯಿಂದ ಬಂದವರು, ನಮ್ಮ ಮನೆಯ ಮಾತು ಅರ್ಧ ಉರ್ದು ಅರ್ಧ ಕನ್ನಡ, ಸಿಟ್ಟು ಬಂದಾಗ ಪೂರ್ತಿ ಕನ್ನಡ. "ಏ, ನಾ ಕಟ್ಟಿದ ಇಂಜಿನ್ ಅದು! ಮ್ಯಾಲಿಂದ ಮ್ಯಾಲ ನೋಡಿ ನಗಬ್ಯಾಡ!" ಎಂದು ಸ್ಪ್ಯಾನರ್ ಎತ್ತಿ ತೋರಿಸುತ್ತಿದ್ದರು.

ಒಂದು ದಿನ ಶಾಲೆ ಬಿಟ್ಟ ಮೇಲೆ ಗಿರಣಿಗೆ ಹೋಗಿ, ಬೀಸಿದ ಜೋಳದ ಹಿಟ್ಟಿನ ಡಬ್ಬಿ ಸೊಂಟಕ್ಕೆ ಇಟ್ಟುಕೊಂಡು ಹೊರಗೆ ಬರುತ್ತೇನೆ, ಗಾಡಿ ಇಲ್ಲ! ಮೊದಲು ನನಗೆ ನಗು ಬಂತು. ಅದನ್ನು ಯಾರು ಒಯ್ಯುತ್ತಾರೆ? ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಗಾಡಿ, ಪುಗಸಟ್ಟೆ ಕೊಟ್ಟರೂ ಬೇಡ ಅನ್ನುವಂಥದ್ದು. ಆಚೆ ಈಚೆ ಹುಡುಕಿದೆ, ಗಿರಣಿಯವರನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ. ಆಗ ನೋಡಿ ನನಗೆ ಸಿಟ್ಟು ನೆತ್ತಿಗೇರಿತು! ಹಿಟ್ಟಿನ ಡಬ್ಬಿ ಹೊತ್ತು ಅಬ್ಬಾನ ಅಂಗಡಿಯವರೆಗೆ ನಡೆದೇ ಹೋದೆ, ದಾರಿಯುದ್ದಕ್ಕೂ ಆ ಕಳ್ಳನ ಏಳು ತಲೆಮಾರು ಜಾಲಾಡಿಸಿದೆ.

ಠಾಣೆಯಲ್ಲಿ ಫಿರ್ಯಾದಿ ಬರೆದುಕೊಂಡ ಹವಾಲ್ದಾರರು ಸಮಾಧಾನದ ಮನುಷ್ಯ. "ಮೊದಲ ಕಳುವಿಗೆ ಕಲಂ ಮುನ್ನೂರಾ ಎಪ್ಪತ್ತೊಂಬತ್ತು ಹಾಕತಿದ್ವಿರಿ, ಈಗ ಹೊಸಾ ಕಾಯ್ದೆದಾಗ ಮುನ್ನೂರಾ ಮೂರು ಆಗೇತಿ. ಕೈಗೆ ಇನ್ನೂ ರೂಢಿ ಆಗಿಲ್ಲ ನೋಡ್ರಿ," ಎಂದು ನಗುತ್ತ ಬರೆಯತೊಡಗಿದರು. ಆಮೇಲೆ ಕೇಳಿದರು, "ಚಾವಿ ಎಲ್ಲೈತ್ರಿ?"

"ಗಾಡ್ಯಾಗ ರೀ," ಅಂದೆ.

"ಗಾಡ್ಯಾಗ ಬಿಟ್ಟ ಒಳಗ ಹೋದ್ರ್ಯಾ?"

"ಬಿಟ್ಟಿದ್ದಲ್ರಿ, ಅದು ಹೊರಗ ಬರೂದಿಲ್ಲ. ಮೂರು ವರ್ಷ ಆತು."

ಹವಾಲ್ದಾರರು ಪೆನ್ನು ಎತ್ತಿ ಅಬ್ಬಾನ ಮುಖ ನೋಡಿದರು. "ನೀವು ಮಿಸ್ತ್ರಿ ಅಂದ್ರಲ್ಲರೀ?" ಎಂದರು. ಅಷ್ಟೇ ಸಾಕಾಯಿತು, ಅಬ್ಬಾನ ಕಿವಿ ಕೆಂಪಾದವು. ಮುಂದಿನ ಪ್ರಶ್ನೆ, ಗಾಡಿಯ ಕಿಮ್ಮತ್ತು ಎಷ್ಟು ಬರೆಯಲಿ ಎಂಬುದು. ಅಬ್ಬಾ ಎದೆ ಸೆಟೆಸಿ, "ಮೂವತ್ತೈದು ಸಾವಿರ!" ಅಂದುಬಿಟ್ಟರು. ನಾನು ಬಾಯಿ ತೆರೆದೆ. ಅವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡು ನಾನೂ ಸುಮ್ಮನಾದೆ. ಆ ಅಂಕಿ ಮುಂದೆ ಒಬ್ಬನ ಕೊರಳಿಗೆ ಬರುತ್ತದೆಂದು ಆವತ್ತು ನಮಗಿಬ್ಬರಿಗೂ ಹೊಳೆಯಲಿಲ್ಲ.

ಮೂರು ವಾರ ನಾನು ಬಸ್ಸಿನಲ್ಲಿ ಜೋತಾಡುತ್ತ ಶಾಲೆಗೆ ಹೋದೆ. ಒಂದು ರವಿವಾರ ಅಬ್ಬಾನಿಗೆ ಊಟದ ಡಬ್ಬಿ ತಂದು ಅಂಗಡಿಯಲ್ಲಿ ಕೂತಿದ್ದೇನೆ, ಅವರ ಫೋನು ಬಡಿದುಕೊಂಡಿತು. ಕೈಯೆಲ್ಲ ಎಣ್ಣೆಯಾಗಿತ್ತು ಎಂದು ಸ್ಪೀಕರ್ ಹಾಕಿದರು. ಫೋನು ಮಾಡಿದವರು ಬೈರಿದೇವರಕೊಪ್ಪದಲ್ಲಿ ಅಂಗಡಿ ಇಟ್ಟಿರುವ ಮಿಸ್ತ್ರಿ, ಹಿಂದೆ ಅಬ್ಬಾನ ಹತ್ತಿರವೇ ಕೆಲಸ ಕಲಿತವರು.

"ಉಸ್ತಾದ್, ಒಬ್ಬಾಂವ ಬ್ರೇಕ್ ಮಾಡಿಸಾಕ ಗಾಡಿ ತಂದಾನ್ರಿ. ಕೇಬಲ್ ಬದಲಿ ಮಾಡೂನು ಅಂತ ಹೆಡ್‌ಲೈಟ್ ಬಿಚ್ಚಿದೆ. ಒಳಗ ನಿಮ್ಮ ಗಂಟ ಐತಿ."

ಇದನ್ನು ತಿಳಿಸಿ ಹೇಳಬೇಕು. ಮಿಸ್ತ್ರಿಗಳಿಗೆ ಒಬ್ಬರ ಕೈ ಇನ್ನೊಬ್ಬರಿಗೆ ಗುರುತು ಸಿಗುತ್ತದೆ. ಒಬ್ಬರು ವೈರುಗಳಿಗೆ ಟೇಪು ಸುತ್ತುತ್ತಾರೆ, ಒಬ್ಬರು ಪ್ಲಾಸ್ಟಿಕ್ ಪಟ್ಟಿ ಹಾಕುತ್ತಾರೆ. ಅಬ್ಬಾ ಮಾತ್ರ ಹಳೆಯ ಟ್ಯೂಬಿನಿಂದ ದಾರದಷ್ಟು ಸಣ್ಣ ಎಳೆ ಕತ್ತರಿಸಿ, ಎರಡು ಸುತ್ತು ಸುತ್ತಿ, ತುದಿ ಕಾಣದಂತೆ ಒಳಗೆ ಸಿಕ್ಕಿಸುತ್ತಾರೆ. ಅದು ಅವರ ಉಸ್ತಾದರಿಂದ ಬಂದದ್ದು. ಊರಲ್ಲಿ ಆ ಗಂಟು ಹಾಕುವವರು ಈಗ ಅವರೊಬ್ಬರೇ.

"ಗಾಡಿ ನಂದ ಹೌದೇನು?" ಅಬ್ಬಾ ಸ್ಪ್ಯಾನರ್ ಕೆಳಗಿಟ್ಟರು.

"ಸೀಟಿಗೆ ಪರದೆ ಅರಿವಿ ಹೊಲದಾರ್ರಿ. ನಂಬರ್ ಪ್ಲೇಟಿಗೆ ಬಣ್ಣಾ ಬಡದಾನ. ಲಗೂ ಬರ್ರಿ, ನಾ ಅವಗ ಚಹಾ ಕುಡಿಸಿ ಕುಂದರಿಸೇನಿ!"

ಅಬ್ಬಾ ಎದ್ದದ್ದೇ ತಡ, ಎದುರಿಗೆ ಗಿರಾಕಿಯೊಬ್ಬರು ರಿಪೇರಿಗೆ ಬಿಟ್ಟುಹೋಗಿದ್ದ ಬೈಕನ್ನೇ ಹತ್ತಿದರು. "ಹತ್ತು ಬೇಟಾ!" ಅಂದರು. ಗಿರಾಕಿಯ ಗಾಡಿ ಸ್ವಂತಕ್ಕೆ ಹತ್ತಬಾರದು ಎಂಬುದು ಅವರ ಅಂಗಡಿಯ ಮೊದಲನೆಯ ನಿಯಮ, ಅದಕ್ಕಾಗಿ ಕೆಲಸ ಕಲಿಯಲು ಬಂದ ಎಷ್ಟೋ ಹುಡುಗರನ್ನು ಬೈದು ಕಳಿಸಿದವರು. ಆವತ್ತು ಅಂಗಡಿಯ ಬಾಗಿಲನ್ನೂ ಹಾಕದೆ ಹೊರಟೆವು. ನಾನು ಹಿಂದೆ ಕೂತು ಠಾಣೆಗೆ ಫೋನು ಹಚ್ಚಿ, ಗಾಳಿಯಲ್ಲಿ ಕೇಳಿಸದೆ, "ಕಳ್ಳ ರೀ! ಕಳ್ಳ! ಬೈರಿದೇವರಕೊಪ್ಪ!" ಎಂದು ಅರಚಿದೆ. ಪಕ್ಕದಲ್ಲಿ ಹೋಗುತ್ತಿದ್ದ ಬಸ್ಸಿನ ಮಂದಿ ಕಿಟಕಿಯಿಂದ ಕತ್ತು ಹೊರಗೆ ಹಾಕಿದರು. ಖುಷಿಯೋ ಸಿಟ್ಟೋ ನನಗೇ ತಿಳಿಯಲಿಲ್ಲ, ಮೈಯೆಲ್ಲ ಝುಮ್ಮೆನ್ನುತ್ತಿತ್ತು.

ಹೋಗಿ ನೋಡಿದರೆ ಆ ಮನುಷ್ಯ ಮರದ ಬಾಂಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಾನೆ. ಮೂವತ್ತೈದು ನಲವತ್ತರ ವಯಸ್ಸು, ಅಂಗಿಯ ಮೇಲೆ ನೀಲಿ, ಬಿಳಿ ಬಣ್ಣದ ಹನಿಗಳು. ಮುಗದ ಎಂಬ ಊರಿನವನು, ಮನೆಗಳಿಗೆ ಬಣ್ಣ ಹಚ್ಚುವ ಕೆಲಸದವನು ಎಂದು ಆಮೇಲೆ ಗೊತ್ತಾಯಿತು. ನಾನು ಬೈಕು ಪೂರ್ತಿ ನಿಲ್ಲುವ ಮೊದಲೇ ಜಿಗಿದು, "ಏ ಕಳ್ಳಾ! ನಾಚಿಕಿ ಬರೂದಿಲ್ಲನ ನಿನಗ!" ಎಂದು ಅವನ ಮುಂದೆ ನಿಂತೆ. ಅವನು ಓಡಿಹೋಗಿದ್ದರೆ ಬೆನ್ನಟ್ಟಿಯಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಓಡಲಿಲ್ಲ. ಕೈಯಲ್ಲಿ ಚಹಾದ ಗ್ಲಾಸು ಹಿಡಿದೇ ಎದ್ದು ನಿಂತ.

"ತಪ್ಪಾತ್ರಿ ಅಕ್ಕಾರ," ಅಂದ. "ಕೆಲಸಕ್ಕ ತಡಾ ಆಗಿತ್ತು, ಬಸ್ ತಪ್ಪಿತ್ತು. ಗಾಡ್ಯಾಗ ಚಾವಿ ಕಂಡತು. ಒಂದ ದಿನಕ್ಕ ಅಂತ ಒಯ್ದೆ. ತಿರುಗಿ ತರಾಕ ಅಂಜಿಕಿ ಬಂತು."

"ನಿನ್ನ ಅಂಜಿಕಿ ಇಟ್ಟಗೋ! ನಾ ಮೂರ ವಾರ ಬಸ್ಸಿನ್ಯಾಗ ಸತ್ತೇನಿ!" ಎಂದು ಇನ್ನಷ್ಟು ಕೂಗಿದೆ. ಕಳ್ಳನಿಗೊಂದು ಪಿಳ್ಳೆ ನೆವ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ ಅನ್ನಿಸಿತು. ಅಬ್ಬಾ ಅವನ ಕಡೆಗೆ ನೋಡಲೇ ಇಲ್ಲ. ಮುಂದಿನ ಗಾಲಿ ಬಿಚ್ಚಿ ಇಟ್ಟಿದ್ದ ನನ್ನ ಸ್ಕೂಟರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಬ್ರೇಕಿನ ಡ್ರಮ್ಮಿನೊಳಗೆ ಬೆರಳು ಹಾಕಿದರು, ತೆಗೆದರು, ಬಹಳ ಹೊತ್ತು ಬೆರಳನ್ನೇ ನೋಡಿಕೊಂಡರು. ಕಳೆದ ವಸ್ತು ಸಿಕ್ಕ ಸಂತೋಷದಲ್ಲಿ ಮಾತು ಹೊರಡುತ್ತಿಲ್ಲ ಎಂದು ನಾನು ತಿಳಿದೆ.

ಪೊಲೀಸರು ಬಂದು ಅಲ್ಲಿಯೇ ಪಂಚನಾಮೆ ಬರೆದರು. ಇಬ್ಬರು ಅಂಗಡಿಕಾರರನ್ನು ಪಂಚರೆಂದು ನಿಲ್ಲಿಸಿ ಹವಾಲ್ದಾರರು ಗಟ್ಟಿಯಾಗಿ ಓದಿ ಹೇಳಿದರು: "ಹಳೆಯ, ಜೀರ್ಣಾವಸ್ಥೆಯಲ್ಲಿರುವ ಒಂದು ಸ್ಕೂಟರ್." ಕೂಡಲೇ ಅಬ್ಬಾ ಎದ್ದು ನಿಂತರು.

"ಜೀರ್ಣ ಅಂತ ಬರೀಬ್ಯಾಡ್ರಿ!"

"ಮತ್ತೇನ ಬರೀಲ್ರಿ ಮಿಸ್ತ್ರಿ? ಕಣ್ಣಿಗೆ ಕಾಣೂದನ್ನ ಬರೀಬೇಕಲ್ಲ?"

"ಈಗ ಹಂಗ ಆಗೇತ್ರಿ. ಮೊದಲ ಹಿಂಗ ಇರಲಿಲ್ಲ."

ಆ ಬಣ್ಣದ ಕೆಲಸದವನು ಆಗ ಒಮ್ಮೆ ತಲೆಯೆತ್ತಿ ಅಬ್ಬಾನನ್ನು ನೋಡಿದ. ನನಗೂ ಒಂದು ಕ್ಷಣ ಕಸಿವಿಸಿಯಾಯಿತು, ಆದರೆ ಕಳ್ಳನ ಪರ ಮಾತಾಡಲು ನನಗೇನು ಹುಚ್ಚೇ? ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ನಾವು ಅಂಗಡಿಗೆ ಮರಳಿದರೆ ಆ ಬೈಕಿನ ಗಿರಾಕಿ ಬೆವರು ಒರೆಸಿಕೊಳ್ಳುತ್ತ ಬೀದಿಯಲ್ಲಿ ನಿಂತಿದ್ದಾರೆ. "ಎಲ್ಲಿ ಹೋಗಿದ್ರೀ? ನನ್ನ ಗಾಡಿ ಕಳುವಾತು ಅಂತ ಕಂಪ್ಲೇಂಟ್ ಕೊಡಾಂವ ಇದ್ದೆ!" ಎಂದು ಅಬ್ಬಾನ ಮೇಲೆ ಹಾರಿಬಿದ್ದರು. ಅಬ್ಬಾ ಕೈಮುಗಿದು ತಪ್ಪಾಯಿತು ಎಂದರು. ಹೇಳದೆ ಒಯ್ದದ್ದು ಹೌದಲ್ಲ, ಮತ್ತೇನು ಹೇಳಲು ಬರುತ್ತಿತ್ತು?

ಕಳುವಿನ ಮಾಲಿಗೆ ಕೋರ್ಟಿನ ಭಾಷೆಯಲ್ಲಿ ಮುದ್ದೆಮಾಲು ಅನ್ನುತ್ತಾರೆ. ಮುದ್ದೆಮಾಲು ಸಿಕ್ಕಿತು ಎಂದ ಮಾತ್ರಕ್ಕೆ ಅದು ಮನೆಗೆ ಬರುವುದಿಲ್ಲ, ಠಾಣೆಯ ಕಂಪೌಂಡಿನಲ್ಲಿ ನಿಲ್ಲುತ್ತದೆ. ಅಲ್ಲಿ ನೋಡಬೇಕು, ಸಾಲುಸಾಲು ಗಾಡಿಗಳು, ಗಾಲಿ ನೆಲದಲ್ಲಿ ಇಳಿದು, ಮೈಮೇಲೆ ಬಳ್ಳಿ ಹಬ್ಬಿ. ಅಬ್ಬಾ ದಿನಾ ಮಧ್ಯಾಹ್ನ ಹೋಗಿ ಗೋಡೆಯ ಆಚೆಯಿಂದ ನಮ್ಮದನ್ನು ನೋಡಿಕೊಂಡು ಬರುತ್ತಿದ್ದರು, ಬಿಸಿಲಿಗೆ ರಬ್ಬರು ಹೋಗುತ್ತದೆ ಎಂದು ಅಮ್ಮಿಯ ಮುಂದೆ ಗೋಳಾಡುತ್ತಿದ್ದರು. ಕಡೆಗೆ ಕೋರ್ಟಿಗೆ ಅರ್ಜಿ ಹಾಕಿ ಆದೇಶ ತಂದೆವು. ನಾಲ್ಕೂ ದಿಕ್ಕಿನಿಂದ ಗಾಡಿಯ ಫೋಟೋ ತೆಗೆದರು. ಅಬ್ಬಾ ಮುಚ್ಚಳಿಕೆ ಬರೆದುಕೊಟ್ಟು ಗಾಡಿಯನ್ನು ತಳ್ಳಿಕೊಂಡು ಹೊರಗೆ ಬಂದರು. ನಾನು ಗೇಟಿನಲ್ಲಿಯೇ ಚಪ್ಪಾಳೆ ತಟ್ಟಿದೆ.

ಅವತ್ತಿನಿಂದ ನಾಲ್ಕು ದಿನ ಅಬ್ಬಾ ಒಬ್ಬ ಗಿರಾಕಿಯನ್ನೂ ಮಾತಾಡಿಸಲಿಲ್ಲ. ಅಂಗಡಿಯ ಮುಂದೆ ಹಗ್ಗ ಕಟ್ಟಿ, ನನ್ನ ಸ್ಕೂಟರನ್ನು ಕಡೆಯ ಮೊಳೆಯವರೆಗೆ ಬಿಚ್ಚಿ ಹಾಸಿದರು. ಊಟಕ್ಕೆ ಕರೆದರೆ ಬರಲಿಲ್ಲ. ಹೊಸ ಬ್ರೇಕು, ಹೊಸ ಟಯರು, ಹೊಸ ಚಾವಿ, ಹೊಸ ಸೀಟು, ಎರಡೂ ಕಡೆ ಕನ್ನಡಿ! ಕಡೆಗೆ ಗಾಡಿಯ ಮೊದಲಿನ ಕೆಂಪು ಬಣ್ಣವನ್ನೇ ಎರಡು ಸಲ ಹೊಡೆಸಿ ಮನೆಯ ಮುಂದೆ ತಂದು ನಿಲ್ಲಿಸಿದರು. ಅಯ್ಯಯ್ಯಾ, ಎಂಥಾ ಮಿಂಚು! ನಾನು ಮದುಮಗಳನ್ನು ನೋಡಲು ಬಂದವರ ಹಾಗೆ ಅದರ ಸುತ್ತ ತಿರುಗಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಛೇಡಿಸಿದೆ ಕೂಡ. ಅವರು ನಗಲಿಲ್ಲ. "ಓಡಿಸಿ ನೋಡು. ಬ್ರೇಕ್ ಹಿಡದ ನೋಡು," ಎಂದರು, ಅಷ್ಟೇ.

ಆಮೇಲೆ ನಾನು ಮುಚ್ಚಳಿಕೆಯ ನಕಲನ್ನು ತೆಗೆದು ಓದಿದೆ. ಓದಿ ಹೌಹಾರಿದೆ! ಕೇಸು ಮುಗಿಯುವವರೆಗೆ ವಾಹನದ ಬಣ್ಣ, ರೂಪ ಏನನ್ನೂ ಬದಲಿಸತಕ್ಕದ್ದಲ್ಲ, ಕರೆದಾಗ ಇದ್ದ ಸ್ಥಿತಿಯಲ್ಲೇ ತಂದು ಹಾಜರುಪಡಿಸತಕ್ಕದ್ದು ಎಂದು ಅಚ್ಚುಕಟ್ಟಾಗಿ ಬರೆದಿದೆ, ಕೆಳಗೆ ಅಬ್ಬಾನ ಸಹಿ. ಬೇರೆ ಯಾರಾದರೂ ಆಗಿದ್ದರೆ ಗಾಡಿಯನ್ನು ಹಾಗೇ ಮೂಲೆಗೆ ನಿಲ್ಲಿಸುತ್ತಿದ್ದರು. ಕೆಟ್ಟ ಗಾಡಿಯನ್ನು ಕಣ್ಣೆದುರು ಇಟ್ಟುಕೊಂಡು ಮಿಸ್ತ್ರಿ ಸುಮ್ಮನೆ ಕೂರುವುದುಂಟೇ? ಅಬ್ಬಾನಿಗೆ ಓದಿ ಹೇಳಿದೆ. ಅವರು ತಲೆ ಕೆರೆದುಕೊಂಡು, "ಕೆಡಿಸಬಾರದು ಅಂತ ಇರಬೇಕದು. ನಾ ಕೆಡಿಸಿಲ್ಲಲ್ಲ?" ಎಂದರು.

ಕೆಲವು ತಿಂಗಳಿಗೆ ಸಮನ್ಸು ಬಂತು. ಅಬ್ಬಾ ಸಾಕ್ಷಿ ಹೇಳಬೇಕು, ಗಾಡಿಯನ್ನೂ ತರಬೇಕು. ಆ ದಿನ ನಾನು ಶಾಲೆಗೆ ರಜೆ ಹಾಕಿ ಜೊತೆಗೆ ಹೋದೆ. ಕೋರ್ಟಿನ ಆವರಣದಲ್ಲಿ ನಮ್ಮ ಕೆಂಪು ಗಾಡಿ ಫಳಫಳ ಹೊಳೆಯುತ್ತ ನಿಂತಿತು. ಸುದ್ದಿ ಕೇಳಿ ನಾಲ್ಕಾರು ಮಿಸ್ತ್ರಿಗಳು ಬಂದಿದ್ದರು, ಬೈರಿದೇವರಕೊಪ್ಪದವರೂ ಇದ್ದರು. ಉಸ್ತಾದರ ಗಂಟಿನಿಂದ ಕಳ್ಳ ಸಿಕ್ಕ ಕಥೆ ಅವರಲ್ಲೆಲ್ಲ ಹಬ್ಬಿತ್ತು, ಅದನ್ನು ಕೋರ್ಟಿನಲ್ಲಿ ಅಬ್ಬಾನ ಬಾಯಿಂದಲೇ ಕೇಳುವ ಹುರುಪು.

ಹೊರಗಿನ ಪಡಸಾಲೆಯಲ್ಲಿ ಹವಾಲ್ದಾರರು ಸಿಕ್ಕು ವಿಷಯ ಬಿಡಿಸಿ ಹೇಳಿದರು. "ಅಂವ ತಪ್ಪ ಒಪ್ಪಿಕೊಂಡಾನ್ರಿ. ಇನ್ನ ಉಳದದ್ದು ಕಿಮ್ಮತ್ತಿನ ಜಗಳ. ಹೊಸಾ ಕಾಯ್ದೆದಾಗ ಒಂದು ಸವಲತ್ತ ಐತಿ. ಮೊದಲ ಸಲ ಕಳುವು ಮಾಡಿದಾಂವ ಇರಬೇಕು, ಮಾಲು ವಾಪಸ್ ಬಂದಿರಬೇಕು, ಮಾಲಿನ ಕಿಮ್ಮತ್ತು ಐದು ಸಾವಿರದ ಒಳಗ ಇರಬೇಕು. ಹಂಗಿದ್ರ ಜೈಲಿಲ್ಲ, ಸಮುದಾಯ ಸೇವೆ. ಸರಕಾರಿ ಜಾಗಾದಾಗ ಪುಕ್ಕಟ ಕೆಲಸ ಮಾಡಿ ಮನಿಗೆ ಹೋಗಬೇಕು. ಆದ್ರ ನಿಮ್ಮ ಫಿರ್ಯಾದಿದಾಗ ಮೂವತ್ತೈದು ಸಾವಿರ ಐತೆಲ್ಲ?"

"ಮತ್ತ ಫೋಟೋ ಅದಾವಲ್ರಿ?" ಅಂದೆ.

"ಫೋಟೋ ಕಳುವಾದ ಮ್ಯಾಲಿನವು. ಅವನ ಕೆಡಿಸ್ಯಾನ ಅಂತಾರ ಸರಕಾರಿ ವಕೀಲರು. ಕಳುವಾಗೂಕ್ಕಿಂತ ಮೊದಲ ಗಾಡಿ ಹೆಂಗಿತ್ತು ಅಂತ ಹೇಳಾವ್ರು ಸಾಕ್ಷಿ ಪಟ್ಟಿದಾಗ ನಿಮ್ಮ ಅಪ್ಪಾರ ಒಬ್ಬರ."

ನನಗೆ ಖರೇ ಹೇಳುತ್ತೇನೆ, ಮೊದಲು ಬಂದ ವಿಚಾರ, ಹೋಗಲಿ ಜೈಲಿಗೆ! ಎಂಬುದು. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳು ಸಣ್ಣ ಕೂಸನ್ನು ಎತ್ತಿಕೊಂಡು ಬಂದು, ಕೈಯಲ್ಲಿದ್ದ ಚೀಟಿ ತೋರಿಸಿ, "ಅಕ್ಕಾರ, ಈ ಕೇಸಿನ ಖೋಲಿ ಇದ ಏನ್ರಿ?" ಎಂದು ಕೇಳಿದಳು. ಚೀಟಿಯ ಮೇಲೆ ನಮ್ಮ ಕೇಸಿನ ನಂಬರು. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. "ಇದ ಖೋಲಿ, ಒಳಗ ಹೋಗಿ ಕುಂದರ್ರಿ," ಅಂದೆ. "ಭಾಳ ಉಪಕಾರ ಆತ್ರಿ" ಎಂದು ಹೇಳಿ ಒಳಗೆ ಹೋದಳು. ಅವನ ಹೆಂಡತಿ ಇವಳು ಎಂದು ನನಗೆ ಆಗ ಹೊಳೆಯಿತು.

ಅಬ್ಬಾನನ್ನು ಮೂಲೆಗೆ ಕರೆದು, "ಇದ್ದದ್ದು ಇದ್ದಂಗ ಹೇಳ್ರಿ ಅಬ್ಬಾ. ಆ ಗಾಡಿ ಗುಜರಿಗೆ ಹಾಕಿದ್ರ ಐದು ಸಾವಿರ ಬರತಿರಲಿಲ್ಲ," ಎಂದೆ.

"ಗುಜರಿ?" ಅಬ್ಬಾ ಕಣ್ಣು ಕೆಂಪಗೆ ಮಾಡಿದರು. "ಅವರೆಲ್ಲ ಕುಂತಾರ, ಅವರ ಮುಂದ ನಾ ನನ್ನ ಗಾಡಿನ ಗುಜರಿ ಅಂತ ಹೇಳಲ್ಯಾ? ನಾಳೆ ಯಾವ ಮಕಾ ಇಟಗೊಂಡು ಅಂಗಡಿ ತೆಗೀಲಿ?"

"ಮತ್ತ ಅವನ ಹೇಣತಿ ಮಕಾ ನೋಡ್ರಿ ಒಮ್ಮೆ!" ಎಂದು ನಾನೂ ದನಿ ಏರಿಸಿದೆ. ಪಡಸಾಲೆಯಲ್ಲಿದ್ದವರು ತಿರುಗಿ ನೋಡಿದರು. ಒಳಗಿನಿಂದ ಅಬ್ಬಾನ ಹೆಸರು ಕೂಗಿದರು, ಅವರು ಟೊಪ್ಪಿಗೆ ಸರಿಮಾಡಿಕೊಂಡು ಹೋದರು.

ನ್ಯಾಯಾಧೀಶರು ಕನ್ನಡಕ ಹಾಕಿದ ಹೆಣ್ಣುಮಗಳು, ಮಾತು ಮೆಲ್ಲಗೆ. ಅಬ್ಬಾ ದೇವರ ಮೇಲೆ ಪ್ರಮಾಣ ಮಾಡಿದರು. ಸರಕಾರಿ ವಕೀಲರು ಗಾಡಿ ಗುರುತಿಸಿದ್ದು ಹೇಗೆ ಎಂದು ಕೇಳಿದಾಗ ಟ್ಯೂಬಿನ ಗಂಟಿನ ಕಥೆ ಹೇಳಿದರು. ಹಿಂದಿನ ಬಾಂಕಿನಲ್ಲಿ ಮಿಸ್ತ್ರಿಗಳು ಒಬ್ಬರನ್ನೊಬ್ಬರು ತಿವಿದುಕೊಂಡು ಹ್ಞೂಂಗುಟ್ಟಿದರು. ಆರೋಪಿಯ ಪರ ಸರಕಾರವೇ ಕೊಟ್ಟ ವಕೀಲೆ ಎದ್ದಳು, ಇನ್ನೂ ಎಳೆಯ ವಯಸ್ಸು. ಫೋಟೋಗಳನ್ನು ಮುಂದಿಟ್ಟಳು. ಕಿಟಕಿಯ ಹೊರಗೆ ಕೈ ತೋರಿಸಿ, ಇದೂ ಅದೂ ಒಂದೇ ಗಾಡಿಯೇ ಎಂದು ಕೇಳಿದಳು. ನ್ಯಾಯಾಧೀಶರು ಎದ್ದು ಕಿಟಕಿಯ ಹತ್ತಿರ ಬಂದು ಕೆಳಗೆ ನೋಡಿದರು, ಫೋಟೋ ನೋಡಿದರು, ಅಬ್ಬಾನನ್ನು ನೋಡಿದರು.

"ಮುಚ್ಚಳಿಕೆಯಲ್ಲಿ ಏನು ಬರೆದುಕೊಟ್ಟಿದ್ದೀರಿ, ಗೊತ್ತೇ?"

"ಈಗ ಗೊತ್ತಾಗೇತ್ರಿ ಮೇಡಂ. ತಪ್ಪಾತ್ರಿ."

ವಕೀಲೆ ಬಿಡಲಿಲ್ಲ. ಕಳುವಾದ ದಿನ ಈ ಗಾಡಿ ಹೇಗಿತ್ತು, ಆವತ್ತು ಮಾರಿದ್ದರೆ ಎಷ್ಟು ಬರುತ್ತಿತ್ತು, ಹೇಳಿ ಎಂದಳು. ಬಣ್ಣದ ಕೆಲಸದವನು ತಲೆ ತಗ್ಗಿಸಿ ನಿಂತಿದ್ದ, ಅವನ ಹೆಂಡತಿ ಕೂಸಿನ ಬಾಯಿಗೆ ಸೆರಗು ಹಿಡಿದಿದ್ದಳು. ಅಬ್ಬಾ ಹಿಂದಿನ ಬಾಂಕಿನ ಕಡೆಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಹಲ್ಲು ಕಚ್ಚಿಕೊಂಡು ನಿಂತೆ.

"ಕದ್ದದ್ದು ಗಾಡಿ ಅಲ್ರಿ ಮೇಡಂ," ಎಂದರು. "ಗುಜರಿ ರೀ. ತಕ್ಕಡಿಗೆ ಹಾಕಿದ್ರ ಎರಡು ಮೂರು ಸಾವಿರ ಬಂದ್ರ ಭಾಳ. ಮೂವತ್ತೈದು ಅಂತ ನಾ ಸಿಟ್ಟಿಗೆ ಹೇಳಿದೆ, ಅದು ಸುಳ್ಳು. ಫೋಟೋದಾಗ ಹೆಂಗೈತಿ, ಕಳುವಾದ ದಿನಾನೂ ಹಂಗ ಇತ್ತು. ಇಂವ ಕೆಡಿಸಿಲ್ರಿ."

ಅಬ್ಬಾ ನಿಲ್ಲಿಸಲಿಲ್ಲ, ಅವರಿಗೆ ತಡೆಯಲಾಗಲಿಲ್ಲ ಅನ್ನಿಸುತ್ತದೆ. "ಬೈರಿದೇವರಕೊಪ್ಪದಾಗ ಡ್ರಮ್ಮಿನ್ಯಾಗ ಬೆರಳ ಹಾಕಿ ನೋಡಿದೆ ರೀ. ಲೈನರ್ ಇರಲೇ ಇಲ್ಲ, ಬರೇ ಕಬ್ಬಿಣ. ಒಂದ ದಿನ ಎದುರಿಗೆ ಲಾರಿ ಬಂದಿದ್ರ..." ಎಂದವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ನನ್ನ ಮಗಳು ಅದರ ಮ್ಯಾಲ ದಿನಾ ಹೋಗಿ ಬರತಿದ್ಲು. ಬ್ರೇಕ್ ಇಲ್ಲ ಅಂತ ನೂರ ಸಲ ಹೇಳ್ಯಾಳ. ಇಂವ ಕಳ್ಳ ಖರೇ. ಆದ್ರ ಮೂರು ವಾರದಾಗ ಬ್ರೇಕ್ ಮಾಡಿಸಾಕ ಹೋದಾಂವ ಇಂವ. ನಾ ಹೋಗಲಿಲ್ಲ."

ನನಗೆ ಅಲ್ಲಿಯೇ ಅಳು ಬಂದುಬಿಟ್ಟಿತು. ಜೊತೆಗೆ ಎಂಥಾ ಸಿಟ್ಟು! ಇದನ್ನು ಮನೆಯಲ್ಲಿ ನನಗೆ ಹೇಳಲು ಇವರಿಗೆ ಏನಾಗಿತ್ತು? ನಾಲ್ಕು ದಿನ ಊಟ ಬಿಟ್ಟು ಬಿಚ್ಚಿ ಜೋಡಿಸಿದ್ದು ಕಳ್ಳ ಮುಟ್ಟಿದ್ದಕ್ಕಲ್ಲ, ಈ ಹೆದರಿಕೆಗೆ!

ಅಬ್ಬಾ ಹೇಳಿದ್ದನ್ನು ನ್ಯಾಯಾಧೀಶರು ಟೈಪು ಮಾಡಿಸಿದರು. ಗುಮಾಸ್ತರು ಅದನ್ನು ಓದಿ ಹೇಳಿದರು: ಕಳುವಾದ ದಿನ ವಾಹನವು ಜೀರ್ಣಾವಸ್ಥೆಯಲ್ಲಿದ್ದು, ಅದರ ಬೆಲೆ ಐದು ಸಾವಿರಕ್ಕಿಂತ ಕಡಿಮೆ ಇತ್ತು. ಸಹಿ ಮಾಡಿ ಎಂದು ಪೆನ್ನು ಕೊಟ್ಟರೆ ಅಬ್ಬಾ ತಗೊಳ್ಳಲಿಲ್ಲ.

"ಇನ್ನೊಂದ ಮಾತ ಉಳೀತ್ರಿ. ಹಂಗ ಇದ್ದದ್ದು ಗಾಡಿ ತಪ್ಪಲ್ಲ, ನನ್ನ ತಪ್ಪು. ಅದನ್ನೂ ಬರೀರಿ."

"ಈ ಕೇಸಿಗೆ ಅದು ಬೇಕಿಲ್ಲ," ಎಂದರು ಸರಕಾರಿ ವಕೀಲರು.

"ಬೇಕ್ರಿ," ಎಂದರು ಅಬ್ಬಾ. "ನನ್ನ ಮಗಳು ಇಲ್ಲೇ ನಿಂತಾಳ."

ನ್ಯಾಯಾಧೀಶರು ಗುಮಾಸ್ತರ ಕಡೆಗೆ ತಿರುಗಿ, "ಬರೀರಿ," ಎಂದರು.

ಮಧ್ಯಾಹ್ನದ ಮೇಲೆ ಆದೇಶವಾಯಿತು. ಆ ಮನುಷ್ಯನಿಗೆ ಸಮುದಾಯ ಸೇವೆ. ಒಂದು ಸರಕಾರಿ ಆಸ್ಪತ್ರೆಯ ಗೋಡೆಗಳಿಗೆ ಬಣ್ಣ ಹಚ್ಚಬೇಕು, ಕೂಲಿ ಇಲ್ಲ. ಅವನ ಹೆಂಡತಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು, ಅರ್ಥವಾದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು. ಅಬ್ಬಾನಿಗೆ ಇನ್ನು ಮುಂದೆ ಕೋರ್ಟಿನ ಷರತ್ತು ಮುರಿಯಬಾರದು ಎಂದು ತಾಕೀತು ಮಾಡಿ ಬಿಟ್ಟರು. ಮಿಸ್ತ್ರಿಗಳು ಯಾರೂ ನಗಲಿಲ್ಲ. ಬೈರಿದೇವರಕೊಪ್ಪದವರು, "ಚಹಾ ಕುಡ್ಯೂಣು ಬರ್ರಿ ಉಸ್ತಾದ್," ಎಂದು ಅಬ್ಬಾನನ್ನು ಕರೆದುಕೊಂಡು ಹೋದರು.

ನಾನು ಅವರ ಹಿಂದೆ ಹೋಗಲಿಲ್ಲ. ನಕಲು ಕೊಡುವ ವಿಭಾಗ ಎಲ್ಲಿದೆ ಎಂದು ಕೇಳಿ ಮೆಟ್ಟಿಲು ಹತ್ತಿ ಓಡಿದೆ. ಅಬ್ಬಾನ ಸಾಕ್ಷಿಯ ನಕಲು ಬೇಕು ಎಂದೆ. ಅಲ್ಲಿದ್ದವರು ಅರ್ಜಿಯ ಹಾಳೆ ಕೊಟ್ಟು, "ಕೇಸ್ ಮುಗದೈತಲ್ರಿ, ಅಪೀಲು ಹೋಗಾವ್ರೇನು?" ಎಂದು ಕೇಳಿದರು. ಇಲ್ಲ ಅಂದೆ. "ಹಂಗಾರ ಯಾತಕ್ಕ ಬೇಕು ಅಂತ ಕಾರಣ ಬರೀಬೇಕಾಗತೈತಿ," ಎಂದು ಹಾಳೆಯಲ್ಲಿ ಆ ಖಾನೆಯನ್ನು ತೋರಿಸಿದರು. ಕಣ್ಣು ಒರೆಸಿಕೊಂಡು, ಮನೆಯಲ್ಲಿ ಇಟ್ಟುಕೊಳ್ಳಲು ಎಂದು ಬರೆದುಕೊಟ್ಟೆ.